ಹೂನ್ರಿ ಎಂದರೆ ಸರಿ

ಕಳೆದ ವಾರ ಬೆಳಿಗ್ಗೆ ಪತ್ರಿಕೆ ಓದುತ್ತ ಕುಳಿತಿದ್ದ ನಾನು ಮೂರು ಸಲ ಹೂಂ ಎಂದೆನಂತೆ. ಮೊದಲನೆಯ ಹೂಂನಿಂದ, ಭಾನುವಾರ ಹಿರೇಕೊಟ್ನೆಕಲ್ಲಿನಲ್ಲಿ ನಡೆಯುವ, ಹೆಂಡತಿಯ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಬರಲು ಒಪ್ಪಿದೆನಂತೆ. ಎರಡನೆಯದರಿಂದ, ಹಜಾರದಲ್ಲಿರುವ ನನ್ನ ಪುಸ್ತಕದ ಕಪಾಟನ್ನು ಹಿಂದಿನ ಕೋಣೆಗೆ ಗಡೀಪಾರು ಮಾಡಲು ಸಮ್ಮತಿಸಿದೆನಂತೆ. ಮೂರನೆಯದರಿಂದ, ಇವೆರಡರ ಬಗ್ಗೆಯೂ ಮುಂದೆ ತಕರಾರು ತೆಗೆಯುವುದಿಲ್ಲವೆಂದು ವಚನ ಕೊಟ್ಟೆನಂತೆ. ಇದಾವುದೂ ನನಗೆ ನೆನಪಿಲ್ಲ ಎಂದು ಸಂಜೆ ವಾದಿಸಿದಾಗ ಹೆಂಡತಿ ಚಹಾದ ಕಪ್ಪನ್ನು ಮುಂದಿಟ್ಟು, "ಆವಾಗ ಹೂಂ ಅಂದ್ರಿ, ಈಗ ಇಲ್ಲ ಅಂದ್ರ ಹೆಂಗ್ರಿ?" ಎಂದಳು. ರಾಯಚೂರಿನಲ್ಲಿ ಮೂವತ್ತೆರಡು ವರ್ಷ ವಕೀಲಿ ಮಾಡಿ, ಎದುರು ಪಕ್ಷದವರು ಬರೆದುಕೊಟ್ಟ ಒಪ್ಪಿಗೆಗಳಲ್ಲೇ ಹುಳುಕು ಹುಡುಕಿ ಹೆಸರು ಮಾಡಿದವನು, ಒಂದು ಅನುನಾಸಿಕ ಧ್ವನಿಗೆ ಸೋತು ಕಪಾಟು ಖಾಲಿ ಮಾಡಲು ಎದ್ದೆ.

ಅವಳಿಗೂ ಗೊತ್ತು, ನನಗೂ ಗೊತ್ತು, ನಮ್ಮ ಕಡೆ ಹೂಂಗೆ ಎರಡು ಅರ್ಥ. ಒಂದು, ಹೌದು ಎನ್ನುವುದು. ಇನ್ನೊಂದು, ನಿಮ್ಮ ಮಾತು ನನ್ನ ಕಿವಿಗೆ ಬೀಳುತ್ತಿದೆ, ಮುಂದುವರಿಸಿ ಎನ್ನುವುದು. ಈ ಎರಡನೆಯದರಲ್ಲಿ ಸಮ್ಮತಿಯ ಲವಲೇಶವೂ ಇರುವುದಿಲ್ಲ, ಸೌಜನ್ಯ ಮಾತ್ರ ಇರುತ್ತದೆ. ಮಾನ್ವಿಯ ನಮ್ಮ ಮನೆಯಲ್ಲಿ ಅಪ್ಪ ರಾತ್ರಿ ಊಟಕ್ಕೆ ಕುಳಿತು ಲೋಕದ ಸಮಸ್ತ ವ್ಯವಹಾರಗಳ ಬಗ್ಗೆ ತೀರ್ಪು ಕೊಡುತ್ತಿದ್ದರೆ, ಅವ್ವ ರೊಟ್ಟಿ ಬಡಿಯುತ್ತ ಪ್ರತಿ ವಾಕ್ಯಕ್ಕೂ ಹೂನ್ರಿ ಎನ್ನುತ್ತಿದ್ದಳು. ತನ್ನ ಹೆಂಡತಿ ತನ್ನ ಅಭಿಪ್ರಾಯಗಳನ್ನೆಲ್ಲ ಶಿರಸಾವಹಿಸುತ್ತಾಳೆಂದು ಅಪ್ಪ ಕೊನೆಯವರೆಗೂ ನಂಬಿದ್ದರು. ಅವ್ವ ಮಾತ್ರ ಮರುದಿನ ಎದ್ದು ತನಗೆ ಸರಿ ಕಂಡದ್ದನ್ನೇ ಮಾಡುತ್ತಿದ್ದಳು. ಅದರಿಂದಾಗಿಯೇ ನಮ್ಮ ಮನೆ ನೆಟ್ಟಗೆ ನಡೆಯಿತು. ಇಲ್ಲಿಯವರೆಗೆ ಓದಿದ ನೀವೂ ಒಳಗೊಳಗೇ ಹೂಂಗುಟ್ಟುತ್ತಿದ್ದೀರಿ ಎಂದು ಭಾವಿಸುತ್ತೇನೆ. ಅದನ್ನು ಒಪ್ಪಿಗೆಯೆಂದು ದಾಖಲಿಸಿಕೊಳ್ಳುವಷ್ಟು ದುಷ್ಟ ನಾನಲ್ಲ.

ಆದರೆ ಒಂದು ಕಾಲದಲ್ಲಿ ಅಷ್ಟು ದುಷ್ಟನಾಗಿದ್ದೆ, ಅದೂ ಶುಲ್ಕ ಪಡೆದು. ಪಾಟೀಸವಾಲು ಎಂಬ ನಮ್ಮ ಕರ್ಮಕಾಂಡದಲ್ಲಿ ವಕೀಲ ತನಗೆ ಬೇಕಾದ ಸಂಗತಿಯನ್ನು ತಾನೇ ಹೇಳಿ, ಎದುರು ಪಕ್ಷದ ಸಾಕ್ಷಿ ಅದಕ್ಕೆ ಹೌದೆನ್ನುತ್ತಾನೋ ಅಲ್ಲವೆನ್ನುತ್ತಾನೋ ಎಂದು ಕಾಯುತ್ತಾನೆ. ಹೌದೆಂದರೆ ನ್ಯಾಯಾಧೀಶರು ಆ ಸಂಗತಿಯನ್ನು ಬರೆಸಿ, ಕೊನೆಗೆ "ಎಂದರೆ ಸರಿ" ಎಂದು ಸೇರಿಸುತ್ತಾರೆ. ಅಲ್ಲವೆಂದರೆ "ಎಂದರೆ ಸರಿಯಲ್ಲ". ಮನುಷ್ಯನ ಅರವತ್ತು ವರ್ಷದ ಬಾಳು ಈ ಎರಡು ಬಾಲಗಳಲ್ಲಿ ಯಾವುದಾದರೊಂದನ್ನು ಅಂಟಿಸಿಕೊಂಡು ಕಡತದೊಳಗೆ ಹೋಗಿ ಮಲಗುತ್ತದೆ. ನನ್ನ ಸೀನಿಯರ್ ಬಹಳ ಚತುರರು, ಮನೆಯಲ್ಲಿ ಬಹಳ ಮೆದು ಸ್ವಭಾವದವರು. ಅವರು ನನಗೆ ಕಲಿಸಿದ ಮೊದಲ ಪಾಠವೇ ಇದು: "ಸಣ್ಣ ಪ್ರಶ್ನಿ ಕೇಳಬ್ಯಾಡ. ಉದ್ದ ಕೇಳು, ನಡುವ ಉಸಿರು ತಗೋ. ಆ ಉಸಿರಿನ ಜಾಗಾದಾಗ ಹಳ್ಳಿ ಮಂದಿ ಹೂಂ ಅಂತಾರ. ಅದನ್ನ ಬರಸು." ವಕೀಲಿಯಲ್ಲಿ ಶ್ವಾಸದ ಮಹತ್ವವನ್ನು ಇಷ್ಟು ಚೆನ್ನಾಗಿ ಯಾವ ಯೋಗಗುರುವೂ ಹೇಳಿಕೊಟ್ಟಿರಲಾರ.

ಈ ವಿದ್ಯೆಯನ್ನು ನಾನು ಕೊನೆಯ ಸಲ ಪ್ರಯೋಗಿಸಿದ್ದು ಕೆಲವು ವರ್ಷಗಳ ಹಿಂದೆ, ಹುಲಿಗೆಮ್ಮ ಎಂಬ ಹೆಂಗಸಿನ ಮೇಲೆ. ಕೋರ್ಟು ಯಾವ ಊರಿನದೆಂದು ಹೇಳುವುದಿಲ್ಲ. ದೇವದುರ್ಗದವರು ಮಾನ್ವಿ ಎಂದುಕೊಳ್ಳಲಿ, ಮಾನ್ವಿಯವರು ದೇವದುರ್ಗ ಎಂದುಕೊಳ್ಳಲಿ. ಹುಲಿಗೆಮ್ಮ ಹೊಳೆದಂಡೆಯ ಕಡೆಯ ಹಳ್ಳಿಯವಳು, ಕೂಲಿ ಮಾಡಿ ಬದುಕಿದವಳು, ಅರವತ್ತರ ಆಸುಪಾಸು. ಅವಳ ಮನೆಗೆ ಹೋಗಿಬರಲು ಇದ್ದದ್ದು ಒಂದೇ ಸಂದಿ. ಆ ಸಂದಿಯ ಬಾಯಿಗೆ ನನ್ನ ಕಕ್ಷಿದಾರ, ಅಂದರೆ ಅವಳ ಪಕ್ಕದ ಮನೆಯಾತ, ಜಾಗ ತನ್ನದೆಂದು ಗೋಡೆ ಕಟ್ಟಿದ್ದ. ಆ ಗೋಡೆ ತೆಗೆಸಬೇಕೆಂದು ಅವಳು ದಾವೆ ಹೂಡಿದ್ದಳು. ಹೀಗೆ ಅವಳು ವಾದಿಯಾದಳು. ವಾದಿ ಎಂದರೆ ಮಾತಾಡುವವಳು ಎಂದರ್ಥ. ವಿಚಿತ್ರವೆಂದರೆ ಅಂದಿನವರೆಗೆ ನ್ಯಾಯಾಲಯದಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಅವಳ ಹೇಳಿಕೆಯನ್ನು ಅವಳ ವಕೀಲರೇ ಒಳ್ಳೆಯ ಗ್ರಾಂಥಿಕ ಕನ್ನಡದಲ್ಲಿ ಪ್ರಮಾಣಪತ್ರವಾಗಿ ಬರೆದು, ಹೆಬ್ಬೆಟ್ಟು ಒತ್ತಿಸಿ ಸಲ್ಲಿಸಿದ್ದರು. ಪಾಟೀಸವಾಲಿನ ದಿನ ಅವರು ಬೇರೊಂದು ಊರಿನ ಕೋರ್ಟಿನಲ್ಲಿ ಇನ್ನೊಂದು ಪ್ರಕರಣವಿದೆಯೆಂದು ಓಡಿದ್ದರು.

ನ್ಯಾಯಾಧೀಶರು ಮೈಸೂರು ಸೀಮೆಯ ತರುಣಿ, ನಮ್ಮ ಕಡೆಗೆ ಬಂದು ಮೂರು ತಿಂಗಳಾಗಿತ್ತು. ಯಾರನ್ನೂ ಗದರಿಸುತ್ತಿರಲಿಲ್ಲ, ಸಾಕ್ಷಿಗಳಿಗೆ ನೀರು ಕೊಡಿಸುತ್ತಿದ್ದರು, ಹೇಳಿದ್ದನ್ನು ಹೇಳಿದಂತೆಯೇ ಬರೆಸುತ್ತಿದ್ದರು. ಈ ಕೊನೆಯ ಸದ್ಗುಣವನ್ನೇ ನಾನು ನೆಚ್ಚಿಕೊಂಡಿದ್ದೆ. ಕಟಕಟೆಯಲ್ಲಿ ಸೆರಗು ಹೊದ್ದು ನಿಂತ ಹುಲಿಗೆಮ್ಮನಿಗೆ ನಾನು ಕೈಮುಗಿದು, "ನೋಡಮ್ಮ, ಸದರಿ ಸಂದಿಯ ಜಾಗ ಮೊದಲಿನಿಂದಲೂ ನನ್ನ ಕಕ್ಷಿದಾರರಿಗೇ ಸೇರಿದ್ದು" ಎಂದು ಉಸಿರು ತೆಗೆದುಕೊಂಡೆ. "ಹೂನ್ರಿ" ಎಂದಳು. ಸೇರಿದ್ದು ಎಂದರೆ ಸರಿ. "ನಿಮಗೆ ಓಡಾಡಲು ಹಿಂದುಗಡೆ ಬೇರೆ ದಾರಿ ಇದೆ." "ಹೂನ್ರಿ." ಇದೆ ಎಂದರೆ ಸರಿ. ಹೀಗೆ ಏಳೆಂಟು ಉಸಿರುಗಳಲ್ಲಿ ಅವಳ ದಾವೆಯನ್ನು ನಾನು ಬುಡಸಹಿತ ಕಿತ್ತಿದ್ದೆ. ಹಿಂದೆ ಬೆಂಚಿನ ಮೇಲಿದ್ದ ನನ್ನ ಕಕ್ಷಿದಾರನ ಮುಖ ಅರಳಿತ್ತು. ಪಾಟೀಸವಾಲಿನ ಕೊನೆಗೆ ಒಂದು ಮಾಮೂಲಿ ಸವಾಲನ್ನು ಎಲ್ಲ ವಕೀಲರೂ ಹಾಕುತ್ತಾರೆ, ಎಲ್ಲ ಸಾಕ್ಷಿಗಳೂ ಅಲ್ಲಗಳೆಯುತ್ತಾರೆ. ಅಭ್ಯಾಸಬಲದಿಂದ ನಾನೂ ಹಾಕಿದೆ. "ಹಾಗಾದರೆ ನೀವು ಈ ನ್ಯಾಯಾಲಯದ ಮುಂದೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೀರಿ."

"ಹೂನ್ರಿ" ಎಂದಳು ಹುಲಿಗೆಮ್ಮ, ಅಷ್ಟೇ ವಿನಯದಿಂದ.

ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಖಾಜಾಸಾಬ್ ತಡೆಯಲಾರದೆ ನಕ್ಕುಬಿಟ್ಟ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಕೋರ್ಟು ನಡೆಯುವಾಗ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನ್ಯಾಯಾಧೀಶರು ತಲೆಯೆತ್ತಿ ಯಾಕೆಂದು ಕೇಳಿದರು. "ತಪ್ಪಾತ್ರಿ ಮೇಡಮ್ಮೋರ. ನಮ್ಮ ಮನ್ಯಾಗೂ ಹಿಂಗ ಹಾಂಜಿ ಹಾಂಜಿ ಅಂತಾರ್ರಿ, ನಾ ಹೇಳಿದ ಕೆಲ್ಸ ಮಾತ್ರ ಒಂದೂ ಆಗಂಗಿಲ್ರಿ" ಎಂದು ಅವನು ತಲೆ ತಗ್ಗಿಸಿದ. ಅವರು ನಗಲಿಲ್ಲ. ಬರೆಸಿದ ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ, ನನ್ನ ಕಡೆ ತಿರುಗಿದರು. "ವಕೀಲರೇ, ಇಲ್ಲಿನ ಮಾತು ನನಗೆ ಹೊಸದು, ನೀವು ಇಲ್ಲಿಯವರು. ನೀವೇ ಹೇಳಿ, ಈ ಅಮ್ಮ ಅಂದದ್ದು ಹೌದು ಅಂತಲೋ, ಕೇಳಿಸ್ತಾ ಇದೆ ಅಂತಲೋ?"

ವಕೀಲನು ಕಕ್ಷಿದಾರನ ಬಾಯಿ, ಆದರೆ ನ್ಯಾಯಾಲಯದ ದಾರಿ ತಪ್ಪಿಸಕೂಡದು ಎಂದು ಕಾಲೇಜಿನಲ್ಲಿ ಓದಿ ಒಳ್ಳೆಯ ಅಂಕ ಪಡೆದಿದ್ದೆ. ಆ ಪ್ರಶ್ನೆಪತ್ರಿಕೆಯಲ್ಲಿ ಬಾಯಿ ಒಂದೇ ಆಗಿದ್ದು ಎರಡು ಕೆಲಸ ಒಟ್ಟಿಗೇ ಬಂದರೆ ಏನು ಮಾಡಬೇಕೆಂದು ಯಾರೂ ಕೇಳಿರಲಿಲ್ಲ. ಹೂಂ ಎಂದರೆ ಹೌದು ಎಂದು ಯಾವ ನಿಘಂಟಾದರೂ ನನ್ನ ಪರ ನಿಲ್ಲುತ್ತಿತ್ತು. ಅದನ್ನೇ ಹೇಳಲು ಬಾಯಿ ತೆರೆದೆ. ಹುಲಿಗೆಮ್ಮ ನನ್ನನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ, ಇನ್ನೂ ಏನೋ ಹೇಳುವುದಿದೆ ಹೇಳಲಿ ಎನ್ನುವ ತಾಳ್ಮೆಯಿಂದ. ನನಗೆ ನಾಚಿಕೆಯಾಯಿತು. "ಒಪ್ಪಿ ಅಂದಿದ್ದಲ್ಲ ಮೇಡಂ, ಮರ್ಯಾದೆಗೆ ಅಂದಿದ್ದು" ಎಂದೆ. ಬೆನ್ನ ಹಿಂದೆ ಬೆಂಚು ಕಿರುಗುಟ್ಟಿತು. ನಾನಂತೂ ಧರ್ಮಾತ್ಮನಾಗಿಬಿಟ್ಟೆನೆಂದು ಒಳಗೇ ಬೀಗಿದೆ.

ಬರೆದದ್ದನ್ನು ಬದಿಗಿಟ್ಟು, ಅವಳಿಗೆ ತಿಳಿಯುವ ಮಾತಿನಲ್ಲಿ ಮತ್ತೆ ಕೇಳಿ ಎಂದು ಅಪ್ಪಣೆಯಾಯಿತು. "ಯವ್ವಾ, ನಾ ಇಷ್ಟೊತ್ತು ಹೇಳಿದ್ದು ಖರೇ ಏನು, ಸುಳ್ಳೇನು?" ಎಂದೆ.

"ಬರೇ ಸುಳ್ಳ್ರೀ ಯಪ್ಪಾ" ಎಂದಳು ಹುಲಿಗೆಮ್ಮ, ಸ್ವಲ್ಪವೂ ದನಿ ಏರಿಸದೆ. "ಓದಿದವ್ರು ಮಾತಾಡುವಾಗ ನಡುವ ಬಾಯಿ ಹಾಕಬಾರ್ದಂತ ಹೂಂ ಅನ್ನಾಕತ್ತಿದ್ದೆ. ನಿಮ್ಮದು ಮುಗೀತೇನ್ರಿ? ಇನ್ನ ನಾ ಹೇಳ್ಲೇನ್ರಿ?"

ಇಷ್ಟು ಹೊತ್ತೂ ಅವಳು ತನ್ನ ಸರದಿಗಾಗಿ ಕಾದಿದ್ದಳು. ಅಂಥದೊಂದು ಸರದಿ ನಮ್ಮ ವ್ಯವಸ್ಥೆಯಲ್ಲಿ ಇಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ವಾದಿಗೆ, ಪ್ರತಿವಾದಿಗೆ, ವಕೀಲರಿಗೆ ಅವರವರ ಜಾಗಗಳಿವೆ. ಸಂವಾದಕ್ಕೆ ಮಾತ್ರ ಕುರ್ಚಿ ಹಾಕಿಲ್ಲ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, "ಹೇಳಿ ಅಮ್ಮ" ಎಂದರು.

ಅವಳು ಹೇಳಿದಳು. ಮದುವಣಗಿತ್ತಿಯಾಗಿ ಬಂದದ್ದು ಆ ಸಂದಿಯಿಂದಲೇ, ಗಂಡನ ಹೆಣ ಹೊತ್ತದ್ದೂ ಅಲ್ಲಿಂದಲೇ. ಗೋಡೆ ಎದ್ದ ಮೇಲೆ ಹಿಂದಿನವರ ದನದ ಮನೆಯೊಳಗಿಂದ ಹಾಯಬೇಕು. "ದಿನಾ ಅವರ ಬಾಗಿಲಿಗಿ ನಿಂತು, ಹಾಯ್ಲೇನ್ರಿ ಅಂತ ಕೇಳಬೇಕ್ರೀ, ನನ್ನ ಮನಿಗಿ ನಾ ಹೋಗಾಕ. ಅವರು ಕೀಲಿ ಹಾಕ್ಕೊಂಡು ಊರಿಗಿ ಹೋದ್ರ ಮುಗೀತ್ರಿ, ನಾ ಒಳಗಿದ್ರ ಒಳಗ, ಹೊರಗಿದ್ರ ಹೊರಗ." ಒಂದು ಸಲ ಎರಡು ದಿನ ಒಳಗೇ ಉಳಿದಿದ್ದಳಂತೆ, ಕೊಡದ ನೀರು ಮುಗಿದಿತ್ತಂತೆ. ಇದಾವುದೂ ಆ ಗ್ರಾಂಥಿಕ ಪ್ರಮಾಣಪತ್ರದಲ್ಲಿ ಇರಲಿಲ್ಲ. ದಾವೆ ಮುಂದೆ ಅವಳ ಪರವಾಗಿಯೇ ಆಯಿತು, ಗೋಡೆ ಬಿತ್ತು, ನನ್ನ ಕಕ್ಷಿದಾರ ನನ್ನಿಂದ ಕಡತ ಕಿತ್ತುಕೊಂಡು ಬೇರೆ ವಕೀಲರ ಹತ್ತಿರ ಹೋದ. ಅವೆಲ್ಲ ಆಮೇಲಿನ ಮಾತು. ಅಂದು ಅವಳು ಆ ಎರಡು ದಿನಗಳನ್ನು ಹೇಳುತ್ತಿದ್ದಾಗ ಕೋರ್ಟಿನಲ್ಲಿ ಒಂದು ಹೂಂ ಸ್ಪಷ್ಟವಾಗಿ ಕೇಳಿಸಿತು. ಅದು ನನ್ನದಾಗಿತ್ತು.

ನ್ಯಾಯಾಧೀಶರ ಕಣ್ಣಲ್ಲಿ ಮೊದಲ ಸಲ ನಗೆಯ ಎಳೆ ಕಂಡಿತು. "ವಕೀಲರೇ, ಇದು ಯಾವ ಹೂಂ?" ಎಂದರು.

"ಕೇಳಿಸಿಕೊಳ್ಳುವ ಹೂಂ, ಮೇಡಂ" ಎಂದೆ. ಈ ವಿಷಯದಲ್ಲಿ ನಾನೇ ಪರಿಣತನೆಂದು ಸ್ವಲ್ಪ ಮುಂಚೆಯಷ್ಟೇ ಸಾಬೀತಾಗಿದ್ದರಿಂದ ಅವರು ನಂಬಿ ಮುಂದಕ್ಕೆ ಹೋದರು. ನಾನು ಹೇಳಿದ್ದು ಸುಳ್ಳು. ನನ್ನನ್ನು ಪಾಟೀಸವಾಲು ಮಾಡುವವರು ಅಲ್ಲಿ ಯಾರೂ ಇರಲಿಲ್ಲ.