ಗ್ರಾಫಿನಲ್ಲಿ ಖಾಲಿ ಬಿದ್ದ ಎರಡು ರಾತ್ರಿ

ಇವತ್ತು ಬೆಳಿಗ್ಗೆ ಶಿರಾದಲ್ಲಿ ಡಾಕ್ಟರ ಮುಂದೆ ನನ್ನ ಮಾನ ಹೋಗಿ ವಾಪಸ್ ಬಂತು, ಸ್ನೇಹಿತರೇ.

ನಿದ್ದೆಯಲ್ಲಿ ಉಸಿರು ನಿಂತುಹೋಗುವ ಕಾಯಿಲೆ ನನ್ನದು. ಮಲಗುವಾಗ ಮೂಗಿಗೆ ಗಾಳಿ ಊದುವ ಮೆಷಿನ್ ಹಾಕಿಕೊಳ್ಳುತ್ತೇನೆ. ಉಸಿರು ಎಷ್ಟು ಸಲ ನಿಂತಿತೆಂಬ ಲೆಕ್ಕವನ್ನೂ ಅದೇ ಇಡುತ್ತದೆ. ಗಂಟೆಗೆ ನಲವತ್ತು ಸಲ ನಿಲ್ಲುತ್ತಿದ್ದದ್ದು ಮೂರಕ್ಕೆ ಇಳಿದಿದೆ ಎಂದು ಪರೀಕ್ಷೆ ಪಾಸಾದವನಂತೆ ಬೀಗುತ್ತಾ ಕೂತಿದ್ದೆ. ಡಾಕ್ಟರಿಗೆ ಕಂಡಿದ್ದು ಗ್ರಾಫಿನಲ್ಲಿ ಖಾಲಿ ಬಿದ್ದ ಎರಡು ರಾತ್ರಿ.

"ನಮ್ಮೂರು ಗೌಡಗೆರೆಲಿ ಆ ಎರಡು ರಾತ್ರಿ ಕರೆಂಟ್ ಇರ್ಲಿಲ್ಲ ಸಾರ್," ಎಂದೆ.

"ಏನಾದ್ರೂ ಆಗಿದ್ರೆ? ನೋಡ್ಕೊಳ್ಳೋಕೆ ಯಾರಿದ್ರು?" ಎಂದು ರೇಗಿದರು.

ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ನಾನಿದ್ನಲ್ಲಾ ಸಾರ್! ಗೊರ್ಕೆ ನಿಂತೇಟ್ಗೆ ಮೊಣಕೈಲಿ ಒಂದು ತಿವಿತೀನಿ, ಉಸ್ರು ಬತ್ತದೆ. ಮದ್ವೆಯಾದ ಹೊಸ್ತ್ರಲ್ಲಿ ಕಳ್ಳಂಬೆಳ್ಳದ ಹೊಲಗಳಲ್ಲಿ ಕುರಿಮಂದೆ ಕಾಯ್ತಾ ಮಲಗ್ತಿದ್ವಿ. ಒಂದು ಕಿವಿ ತೋಳದ ಕಡೆ, ಒಂದು ಕಿವಿ ಇವ್ರ ಕಡೆ ಮಡೀಕಂಡೇ ನಿದ್ದೆ ಮಾಡ್ತಿದ್ದೆ. ಒಂದು ಕುರಿನೂ ಹೋಗ್ಲಿಲ್ಲ, ಇವ್ರೂ ಹೋಗ್ಲಿಲ್ಲ!"

ಅದು ಎಂಬತ್ತರ ದಶಕದ ಮಾತು. ಆಗ ಈ ಕಾಯಿಲೆಗೆ ಹೆಸರಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ನನ್ನ ಎದೆ ಕುರ್ಚಿಯಲ್ಲಿ ಕೂತಲ್ಲೇ ಉಬ್ಬಿತು.

ಡಾಕ್ಟರು ಚೀಟಿ ಎಳೆದುಕೊಂಡರು. "ಮೆಷಿನ್‌ಗೊಂದು ಬ್ಯಾಟರಿ ತಗೊಳ್ಳಿ ಯಜಮಾನ್ರೇ," ಎಂದರು. "ಇವ್ರೂ ಇನ್ಮೇಲೆ ಎರಡೂ ಕಿವಿ ಮುಚ್ಚಿ ನಿದ್ದೆ ಮಾಡ್ಲಿ."

ಬ್ಯಾಟರಿ ತಂದಾಯಿತು. ಪಕ್ಕೆಲುಬು ಮಾತ್ರ ಅವಳ ಮೊಣಕೈಗೆ ಎಟಕುವಂತೆಯೇ ಮಲಗುತ್ತೇನೆ.