ಮೋರಿ ಮೇಲಿನ ಚಪ್ಪಡಿ

ನಮ್ಮತ್ತೆ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಒಂದೇ ಸಲ. ಅದೂ ಮುನಿಸಿಪಾಲಿಟಿಯ ಓವರ್‌ಸೀಯರ್‌ಗೆ, ಹಾಡಹಗಲಲ್ಲಿ, ನಮ್ಮ ಮನೆಯ ಬಾಗಿಲಲ್ಲೇ ನಿಂತು. ಆ ಸುಳ್ಳಿಗೆ ಬೇಕಾದ ಅರಿಶಿನ ಕುಂಕುಮದ ತಟ್ಟೆ ನನ್ನ ಕೈಯಲ್ಲಿತ್ತು.

ನಾನು ಹುಟ್ಟಿದ್ದು ದೇವರಾಯಸಮುದ್ರದಲ್ಲಿ, ಕೆರೆ ಕೆಳಗೆ ಗದ್ದೆ ಇದ್ದ ಒಂದು ರೈತರ ಮನೆಯಲ್ಲಿ. ಮದುವೆಯಾಗಿ ಬಂದದ್ದು ಶ್ರೀನಿವಾಸಪುರದ ಕಡೆಯ ಒಂದು ಸಣ್ಣ ಪೇಟೆಗೆ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಮಾವನವರು ಆಗಲೇ ತೀರಿಕೊಂಡಿದ್ದರು. ಮಾವಿನ ಮಂಡಿಯನ್ನು ಅತ್ತೆಯೇ ನಡೆಸುತ್ತಿದ್ದರು. ನಮ್ಮೂರಿನಲ್ಲಿ ಗಂಡ ಸತ್ತ ಹೆಂಗಸು ಹಿತ್ತಲು ಬಿಟ್ಟು ಈಚೆಗೆ ಬಂದರೆ ಮುಖ ತಿರುಗಿಸುತ್ತಿದ್ದರು. ಇಲ್ಲಿ ನೋಡಿದರೆ ಈಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೀದಿಬಾಗಿಲಲ್ಲಿ ನಿಂತು, ಗಾಡಿಯವರನ್ನು ತೆಲುಗಿನಲ್ಲಿ ಬೈಯುತ್ತ, ಬೆಂಗಳೂರಿನಿಂದ ಬಂದ ವ್ಯಾಪಾರಿಗಳ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. ಮೊದಲ ದಿನ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನನ್ನ ಗಂಡ ಅತ್ತೆಯ ಒಬ್ಬನೇ ಮಗ. ತೋಪುಗಳಿಗೆ ಹೋಗಿ ಕಾಯಿ ಕೀಳಿಸುವುದು ಅವರ ಕೆಲಸ, ಉಳಿದದ್ದೆಲ್ಲ ಅಮ್ಮನದು.

ಬೀದಿಗೂ ನಮ್ಮ ಮನೆಗೂ ನಡುವೆ ಮೋರಿ ಹರಿಯುತ್ತಿತ್ತು. ಅದರ ಮೇಲೆ ಅತ್ತೆ ಒಂದು ದೊಡ್ಡ ಚಪ್ಪಡಿ ಕಲ್ಲು ಹಾಕಿಸಿದ್ದರು. ಗಾಡಿಯ ಎರಡು ಚಕ್ರವೂ ಹಿಡಿಸುವಷ್ಟು ಅಗಲ, ಬೀದಿಯ ಕಡೆಗೆ ಇಳಿಜಾರು. ಬಾದಾಮಿ, ರಸಪುರಿ ಮಾವಿನಕಾಯಿ ತುಂಬಿದ ಗಾಡಿಗಳು ಅದರ ಮೇಲೆ ಹತ್ತಿ ನೇರವಾಗಿ ಅಂಗಳಕ್ಕೆ ಬರುತ್ತಿದ್ದವು. ಅಲ್ಲಿಂದ ಕಾಯಿಗಳನ್ನು ಕೈಯಲ್ಲೇ ಎತ್ತಿ ಒಳಗೆ ಹುಲ್ಲಿನ ಮೇಲೆ ಜೋಡಿಸಿ ಹಣ್ಣಿಗೆ ಹಾಕುವುದು. ಬೀದಿಯಲ್ಲಿ ಇಳಿಸಿ, ಮಂಕರಿಗೆ ತುಂಬಿ, ಮತ್ತೆ ಸುರಿದರೆ ಕಾಯಿಗೆ ಪೆಟ್ಟು ಬೀಳುತ್ತದೆ. ಪೆಟ್ಟು ಬಿದ್ದ ಕಾಯಿ ಹುಲ್ಲಿನಲ್ಲಿ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ. ಹಾಗಾಗಿ ಆ ಚಪ್ಪಡಿ ಇದ್ದರೆ ಮಂಡಿ, ಇಲ್ಲದಿದ್ದರೆ ಇಲ್ಲ. ಅತ್ತೆ ಬಿಡುವಾದಾಗ ಅದರ ಅಂಚಿನಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬೀದಿಯ ವ್ಯಾಪಾರವೆಲ್ಲ ಅಲ್ಲಿಂದಲೇ ಅವರ ಕಣ್ಣಿಗೆ ಬೀಳುತ್ತಿತ್ತು.

ನಾನು ಬಂದ ಮಾರನೆಯ ಬೇಸಿಗೆಯಲ್ಲಿ ತಮಟೆ ಹೊಡೆದು ಡಂಗುರ ಸಾರಿದರು. ಮೋರಿಯ ಮೇಲೆ ಯಾರೂ ಅಪ್ಪಣೆಯಿಲ್ಲದೆ ಚಪ್ಪಡಿ ಹಾಕಕೂಡದು, ಹಾಕಿದ್ದರೆ ತೆಗೆಯಬೇಕು, ಮನೆಯವರು ನಡೆದಾಡುವಷ್ಟು ಅಗಲದ ಕಲ್ಲು ಇರಬಹುದು, ಇಳಿಜಾರು ಮಾತ್ರ ರಸ್ತೆಗೆ ಚಾಚಕೂಡದು. ನ್ಯಾಯವಾಗಿ ಹೇಳಬೇಕೆಂದರೆ ರೂಲು ಕೆಟ್ಟದ್ದೇನೂ ಅಲ್ಲ. ಚಪ್ಪಡಿಗಳ ಕೆಳಗೆ ಕಸ ಕಟ್ಟಿಕೊಂಡು, ಸೊಳ್ಳೆ ತುಂಬಿ, ಬೀದಿಗೆ ಬೀದಿಯೇ ಚಳಿಜ್ವರದಲ್ಲಿ ನರಳಿತ್ತು.

ಆದರೆ ಅತ್ತೆಗೆ ಸಿಡಿಲು ಬಡಿದಂತಾಯಿತು. ಓವರ್‌ಸೀಯರ್ ಮನೆ ಮುಂದೆ ಬಂದಾಗ ಕೇಳಿದರು.

"ಏಮಯ್ಯಾ, ಇದು ನನ್ನ ಕಲ್ಲು. ನನ್ನ ಬಾಗಿಲು. ನಿಮ್ದೇನು ಇದರಲ್ಲಿ?"

"ಕಲ್ಲು ನಿಮ್ದೇ ಅಮ್ಮಾ. ಕಲ್ಲಿನ ಕೆಳಗಿರೋ ಜಾಗ ಮುನಿಸಿಪಾಲಿಟೀದು. ಗಾಡಿ ಹತ್ತೋ ಅಂಥಾದ್ದು ಬೇಕೂ ಅಂದ್ರೆ ಅರ್ಜಿ ಕೊಡಿ. ಮುಂದಿನ ಮೀಟಿಂಗಲ್ಲಿ ನೋಡ್ತಾರೆ."

"ಮೀಟಿಂಗ್ ಆಗೋವರ್ಗೂ ಮಾವಿನಕಾಯಿ ಮರದಲ್ಲೇ ಕೂತಿರುತ್ತಾ?"

ಆತ ಒಳ್ಳೆಯ ಮನುಷ್ಯ. ನಕ್ಕುಬಿಟ್ಟು, ವಾರ ಕಳೆದು ಆಳುಗಳನ್ನು ಕರೆದುಕೊಂಡು ಬರುತ್ತೇನೆ, ಅಷ್ಟರಲ್ಲಿ ನೀವೇ ತೆಗೆಸಿಬಿಡಿ ಎಂದು ಹೇಳಿ ಹೋದ. ಅಂಗಡಿಯವರೆಲ್ಲ ಗೊಣಗುತ್ತ ತಮ್ಮ ತಮ್ಮ ಚಪ್ಪಡಿ ಕೀಳಿಸಿದರು. ಅತ್ತೆ ಮಾತ್ರ ಅಂಚಿನಲ್ಲಿ ಕೂತು, ಬೀದಿಯ ಆಚೆ ಇದ್ದ ಅರಳಿಕಟ್ಟೆಯನ್ನೇ ದಿಟ್ಟಿಸುತ್ತಿದ್ದರು. ಆ ಕಟ್ಟೆ ರಸ್ತೆಯ ಅರ್ಧ ನುಂಗಿಕೊಂಡಿತ್ತು.

"ನೋಡೇ," ಅಂದರು ನನಗೆ. "ಅದಕ್ಕೆ ಯಾರಾದ್ರೂ ಅಪ್ಪಣೆ ಕೇಳಿದ್ರಾ?"

ಏನು ಯೋಚಿಸುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಓವರ್‌ಸೀಯರ್ ಬರುವ ದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಾಗ ಅತ್ತೆ ಒಳಗಿನಿಂದ ತಟ್ಟೆ ತಂದರು. ಅರಿಶಿನ, ಕುಂಕುಮ, ಕಣಗಿಲೆ ಹೂವು.

"ಚಪ್ಪಡಿಗೆ ಹಚ್ಚು."

"ಅತ್ತಮ್ಮಾ, ಏನಿದು?"

"ನಾನು ಹಚ್ಚೋ ಹಾಗಿಲ್ಲ ಕಣೇ, ಮುತ್ತೈದೆ ಕೈ ಬೇಕು. ಹಚ್ಚು ಅಂದ್ರೆ ಹಚ್ಚು. ಅವನು ಅತ್ಲಾಗೆ ಹೋದ್ಮೇಲೆ ತೊಳ್ದುಬಿಡೋಣ."

ದೇವರ ಹೆಸರಿನಲ್ಲಿ ಹೀಗೂ ಆಟ ಆಡುತ್ತಾರೆಯೇ? ಆದರೆ ಅತ್ತೆಯ ಮಾತಿಗೆ ಇಲ್ಲವೆನ್ನುವ ಧೈರ್ಯ ಆ ವಯಸ್ಸಿಗೆ ಎಲ್ಲಿಂದ ಬರಬೇಕು? ಹಚ್ಚಿದೆ. ಹೂವಿಟ್ಟೆ. ಒಂದು ಹಣತೆಯನ್ನೂ ಇಡಿಸಿದರು.

ಹಾರೆ ಹಿಡಿದು ಬಂದ ಆಳುಗಳು ಮೊದಲು ನಿಂತರು. ಒಬ್ಬ ತಲೆಯ ವಸ್ತ್ರ ತೆಗೆದ. ಓವರ್‌ಸೀಯರ್ ಯಾವ ದೇವರು ಎಂದು ಕೇಳಿದ. ಅತ್ತೆ ಕಣ್ಣು ಮಿಟುಕಿಸದೆ ಹೇಳಿದರು: "ಕನಸಲ್ಲಿ ಬಂದಳಪ್ಪಾ ತಾಯಿ. ಈ ಕಲ್ಲಲ್ಲೇ ಇದ್ದೀನಿ ಅಂದಳು. ನೀನು ಕೀಳೋದಾದ್ರೆ ಕೀಳು, ನಾನು ಬೇಡ ಅನ್ನಲ್ಲ." ಆತ ಚಪ್ಪಲಿ ಬಿಟ್ಟು ಕೈ ಮುಗಿದ. ಓದಿದ ಮನುಷ್ಯ, ಸರ್ಕಾರಿ ಕೋಟು ಹಾಕಿದವನು! ನಾನು ದಂಗಾಗಿ ಹೋದೆ. ಅವರೆಲ್ಲ ಹೊರಟುಹೋದ ಮೇಲೆ ಅತ್ತೆ ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ನಗು ಮಧ್ಯಾಹ್ನದವರೆಗೆ ಇತ್ತು. ತೊಳೆಯಲೆಂದು ನೀರು ತೆಗೆದುಕೊಂಡು ಬಾಗಿಲಿಗೆ ಹೋದರೆ ಅಲ್ಲಿ ನಾಲ್ಕಾರು ಹೆಂಗಸರು ತೆಂಗಿನಕಾಯಿ ಹಿಡಿದು ನಿಂತಿದ್ದರು. ಆಳುಗಳು ಪೇಟೆಗೆಲ್ಲ ಹೇಳಿಬಿಟ್ಟಿದ್ದರು. ಸಂಜೆಯ ಹೊತ್ತಿಗೆ ಚಪ್ಪಡಿ ಕಾಣದಷ್ಟು ಹೂವು. ಹೆಸರೂ ಬಂದಾಗಿತ್ತು: ಮೋರಿಯಮ್ಮ. ಅತ್ತೆ ಎಂದಿನಂತೆ ಹೊರಗೆ ಬಂದು ಚಪ್ಪಡಿಯ ಮೇಲೆ ಕಾಲಿಡಲು ಹೋದರು. ಎದುರು ಮನೆಯಾಕೆ ಕೈ ಅಡ್ಡ ಹಿಡಿದಳು.

"ನೀವು ಬೇಡಕ್ಕಾ. ಅಮ್ಮನ ಜಾಗ. ನಿಮ್ಮ ಸೊಸೆ ಬರಲಿ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಮೆತ್ತಗೇ ಹೇಳಿದಳು. ಅತ್ತೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟರು. ಹೇಳುವುದಾದರೂ ಏನನ್ನು? ಸುಳ್ಳು ಎಂದರೆ ಓವರ್‌ಸೀಯರ್ ಹಾರೆ ತರುತ್ತಾನೆ. ನಿಜ ಎಂದರೆ ತಾನು ಮುಟ್ಟುವಂತಿಲ್ಲ.

ಮಾರನೆಯ ದಿನ ಮೊದಲ ಬಾದಾಮಿ ಗಾಡಿ ಬಂತು. ಗಾಡಿಯವನು ಚಪ್ಪಡಿಯ ಮುಂದೆ ಎತ್ತು ನಿಲ್ಲಿಸಿ ಇಳಿದುಬಿಟ್ಟ. ಅತ್ತೆ ಹೊಸ್ತಿಲಿನ ಒಳಗಿನಿಂದಲೇ ಕೂಗಿದರು.

"ಲೇ, ಹತ್ತಿಸೋ! ಬರೀ ಕಲ್ಲು ಕಣೋ ಅದು!"

"ಬರೀ ಕಲ್ಲಾ? ಈಗ ತಾನೇ ನಾನೂ ಅಡ್ಡಬಿದ್ದೆ ಕಣಮ್ಮಾ. ಅಮ್ಮನ ಮೇಲೆ ಚಕ್ರ ಹತ್ತಿಸಿದ್ರೆ ನನ್ನ ಮಕ್ಕಳ ಗತಿ?"

ಕಾಯಿಗಳನ್ನು ಬೀದಿಯಲ್ಲೇ ಇಳಿಸಿ, ಮಂಕರಿಗೆ ತುಂಬಿ, ಹಿಂದಿನ ಓಣಿ ಸುತ್ತಿ ಹಿತ್ತಲ ಬಾಗಿಲಿಂದ ತಂದರು. ಆ ವರ್ಷ ಹುಲ್ಲಿನಲ್ಲಿ ಕೊಳೆತ ವಾಸನೆ ಇಡೀ ಮನೆಗೆ ಅಡರಿತ್ತು. ಉಳಿದೆಲ್ಲರ ಚಪ್ಪಡಿ ಹೋಯಿತು. ಅವರು ಅಪ್ಪಣೆ ಪಡೆದು ಹೊಸ ಕಲ್ಲು ಹಾಕಿಸಿಕೊಂಡರು. ನಮ್ಮದು ಉಳಿಯಿತು. ಉಳಿದು ನಮ್ಮ ಬಾಗಿಲನ್ನೇ ಮುಚ್ಚಿತು.

ಒಮ್ಮೆ ಅತ್ತೆ ಮುನಿಸಿಪಾಲಿಟಿಗೇ ಹೋದರು. ನಾನೂ ಜೊತೆಗಿದ್ದೆ. ಕಲ್ಲು ನನ್ನದು, ದೇವರೂ ಇಲ್ಲ ಏನೂ ಇಲ್ಲ, ದಯವಿಟ್ಟು ಕಿತ್ತುಹಾಕಿ ಎಂದರು. ಆಗಿದ್ದದ್ದು ಬೇರೆ ಓವರ್‌ಸೀಯರ್. ಆತ ಬೆಚ್ಚಿಬಿದ್ದು ಎದ್ದೇ ನಿಂತ. "ತಾಯೀ, ಜನ ಪೂಜೆ ಮಾಡೋ ಜಾಗಕ್ಕೆ ನಾವು ಕೈ ಹಾಕೋ ಹಾಗಿಲ್ಲ" ಅಂದ. ವಾಪಸು ಮನೆ ಹತ್ತಿರ ಬಂದಾಗ ಅತ್ತೆ, ಅಭ್ಯಾಸಬಲದಿಂದ ಮುಂಬಾಗಿಲ ಕಡೆ ಹೋದವರು ನಿಂತು ಓಣಿಗೆ ತಿರುಗಿದರು. ಕೊನೆಯವರೆಗೂ ಅವರು ಹಿತ್ತಲ ಬಾಗಿಲಲ್ಲೇ ಓಡಾಡಿದರು. ವ್ಯಾಪಾರಿಗಳು ಓಣಿ ಸುತ್ತಿ ಬರಲು ಬೇಸರಪಟ್ಟು ಬೇರೆ ಮಂಡಿ ಹಿಡಿದರು. ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಮಾವು ಹಣ್ಣಿಗೆ ಹಾಕುವ ಹುಲ್ಲೇ ಇರಲಿಲ್ಲ. ಮುತ್ತೈದೆಯಾದ ನಾನು ದಿನಾ ಬೆಳಿಗ್ಗೆ ಆ ಕಲ್ಲಿಗೆ ಹೂವಿಡಬೇಕಿತ್ತು, ಇಡದಿದ್ದರೆ ಬೀದಿಯೇ ಕೇಳುತ್ತಿತ್ತು. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು.

ಸ್ವಾತಂತ್ರ್ಯ ಬಂದ ಸುಮಾರಿಗೆ ಅವರು ತೀರಿಕೊಂಡರು. ಚಟ್ಟ ಸಿದ್ಧವಾಯಿತು. ಆಗ ಬೀದಿಯ ಹಿರಿಯರೊಬ್ಬರು ನನ್ನ ಗಂಡನಿಗೆ, "ಹಿಂದಿನ ಓಣಿಯಿಂದ ಎತ್ತಿಬಿಡಪ್ಪಾ, ಮುಂದೆ ಅಮ್ಮ ಇದ್ದಾಳೆ" ಎಂದರು. ಕಸದ ಮಂಕರಿ ಹೋಗುವ ಓಣಿ ಅದು. ನನ್ನ ಗಂಡ ತಲೆ ತಗ್ಗಿಸಿದರು.

ನಾನು ಎದ್ದೆ. ತಂಬಿಗೆ ನೀರು, ಒಂದು ಹಿಡಿ ತೆಂಗಿನ ನಾರು ತೆಗೆದುಕೊಂಡು ಹೋಗಿ ಚಪ್ಪಡಿಯ ಮುಂದೆ ಕೂತೆ. ವರ್ಷಗಳ ಅರಿಶಿನ ಪದರು ಪದರಾಗಿ ಗಟ್ಟಿಯಾಗಿತ್ತು. ಉಜ್ಜಿದೆ.

"ಅಯ್ಯಯ್ಯೋ, ಸೂತಕದ ಕೈಯಲ್ಲಿ ಮುಟ್ಟಿದೆಯಲ್ಲೇ!" ಯಾರೋ ಕಿರುಚಿದರು.

"ಮೊದಲು ಹಚ್ಚಿದ್ದೂ ಇದೇ ಕೈ," ಅಂದೆ. "ನಮ್ಮತ್ತೆ ಹಚ್ಚಿಸಿದ್ದು. ಗಾಡಿ ಬರಲಿ ಅಂತ. ಇದರಲ್ಲಿ ಯಾವ ಅಮ್ಮನೂ ಇಲ್ಲ. ಇದ್ದ ಅಮ್ಮ ಒಳಗೆ ಮಲಗಿದ್ದಾಳೆ."

ತಂಬಿಗೆಯ ನೀರು ಮುಗಿಯಿತು, ಕುಂಕುಮ ಇನ್ನೂ ಬಿಟ್ಟಿರಲಿಲ್ಲ. ಯಾರೂ ಕದಲಲಿಲ್ಲ. ಆಗ ಎದುರು ಮನೆಯಾಕೆ ಒಂದು ಕೊಡ ನೀರು ಹೊತ್ತು ಬೀದಿ ದಾಟಿ ಬಂದಳು. ಅತ್ತೆಯನ್ನು ಕೈ ಅಡ್ಡ ಹಿಡಿದು ತಡೆದವಳು ಅವಳೇ. ಹಿಂದಿನ ವರ್ಷ ಅವಳ ಗಂಡ ತೀರಿಹೋಗಿದ್ದ. ಅಲ್ಲಿಂದ ಈಚೆಗೆ ಅವಳೂ ಆ ಕಲ್ಲಿನ ಹತ್ತಿರ ಬಂದಿರಲಿಲ್ಲ. ಕೊಡ ಬಗ್ಗಿಸಿ ನೀರು ಹುಯ್ದಳು. ನಾನು ಉಜ್ಜಿದೆ. ಕೆಂಪು ನೀರು ಮೋರಿಗೆ ಇಳಿಯಿತು. ಕೆಳಗೆ ಬರೀ ಕಲ್ಲು ಇತ್ತು, ಗಾಡಿಯ ಚಕ್ರದ ಎರಡು ಗೀರುಗಳ ಸಮೇತ.

ನನ್ನ ಗಂಡ ಆ ಗೀರುಗಳನ್ನು ನೋಡಿದರು. ಒಳಗೆ ಹೋಗಿ ಚಟ್ಟಕ್ಕೆ ತಾವೇ ಮೊದಲು ಹೆಗಲು ಕೊಟ್ಟು, "ಈ ಕಡೆಯಿಂದಲೇ" ಎಂದರು. ನಮ್ಮತ್ತೆ ತಾವು ಹಾಕಿಸಿದ ಚಪ್ಪಡಿಯ ಮೇಲಿಂದ ಬೀದಿಗೆ ಇಳಿದರು.