ಕಂಬಿಯ ತೂಕ ಕಳೆದು

ಹನ್ನೆರಡು ವರ್ಷದಿಂದ ಕಮಲಾಕ್ಷಮ್ಮ ಒಂದು ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿರಲಿಲ್ಲ. ಚಳ್ಳಕೆರೆಯಲ್ಲಿ ವಾರಕ್ಕೊಮ್ಮೆ ನೀರು ಬಿಟ್ಟ ಬೇಸಿಗೆಗಳಲ್ಲೂ ಇಲ್ಲ, ಮನೆ ತುಂಬ ನೆಂಟರಿದ್ದ ಮದುವೆಗಳಲ್ಲೂ ಇಲ್ಲ. ಹುಟ್ಟಿದ್ದು ಪರಶುರಾಂಪುರದ ಹೊಲಮನೆಯಲ್ಲಿ. ಹದಿನಾಲ್ಕಕ್ಕೇ ಈರುಳ್ಳಿ ಪುಟ್ಟಿ ತಲೆಯ ಮೇಲಿಟ್ಟುಕೊಂಡು ಬದು ದಾಟಿದವಳು. ಆದರೆ ಮುಟ್ಟಿನ ಸ್ರಾವ ನಿಲ್ಲದೆ ಮೂವತ್ತೈದಕ್ಕೆ ಗರ್ಭಕೋಶ ತೆಗೆಸಿಕೊಂಡು ಬಂದ ದಿನ ನರ್ಸಿಂಗ್ ಹೋಮಿನ ಡಾಕ್ಟರು, ಇನ್ನು ಮೇಲೆ ಭಾರ ಎತ್ತಬಾರದು ಎಂದಿದ್ದರು. ಎಷ್ಟು ಭಾರ, ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಹಾಗಾಗಿ ಅದು ಎಲ್ಲ ಭಾರಕ್ಕೂ ಎಲ್ಲ ಕಾಲಕ್ಕೂ ಸಲ್ಲುವ ಶಾಸನವಾಗಿ ಮನೆಯಲ್ಲಿ ಕೂತುಬಿಟ್ಟಿತು.

ಆ ಶಾಸನ ಕಾಯ್ದವಳು ಅತ್ತೆ ದೊಡ್ಡಕ್ಕ. ಬಾಯಿ ಜೋರಿನ ಹೆಂಗಸು. ಸೊಸೆ ಹೊಸದಾಗಿ ಬಂದಾಗ ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆ ಕೇಳಿಸುವ ಹಾಗೆ ಬಯ್ದವಳು. ಆಪರೇಷನ್ ಆದ ಮೇಲೆ ಏನಾಯಿತೋ, ಅರವತ್ನಾಲ್ಕು ದಾಟಿದ್ದ ಆ ಹೆಂಗಸು ನಲ್ಲಿಯಿಂದ ಕೊಡ ತಾನೇ ತಂದಳು, ಅಕ್ಕಿ ಚೀಲ ತಾನೇ ಎಳೆದಳು. ಸೊಸೆ ಬಕೆಟ್ಟಿಗೆ ಕೈ ಹಾಕಿದರೆ ಸಾಕು, “ಬಿಡೇ, ಹೊಟ್ಟೆ ಜಾರೀತು” ಎಂದು ಓಡಿ ಬರುತ್ತಿದ್ದಳು. ಹನ್ನೆರಡು ವರ್ಷ ಹೀಗೇ ನಡೆಯಿತು. ತನ್ನ ಹೆತ್ತವ್ವ ಕೂಡ ಇಷ್ಟು ಮಾಡುತ್ತಿರಲಿಲ್ಲ ಎಂದು ಕಮಲಾಕ್ಷಮ್ಮ ಯಾರು ಸಿಕ್ಕರೂ ಹೇಳುತ್ತಿದ್ದಳು, ಹೇಳುವಾಗ ಕಣ್ಣು ತುಂಬುತ್ತಿತ್ತು.

ಕಳೆದ ಶ್ರಾವಣದಲ್ಲಿ ಸೊಂಟನೋವೆಂದು ಮೂಳೆ ಡಾಕ್ಟರಮ್ಮನ ಹತ್ತಿರ ಹೋದದ್ದೇ ಗೊಂದಲಕ್ಕೆ ಮೊದಲು. ಡಾಕ್ಟರಮ್ಮ ರಿಪೋರ್ಟ್ ನೋಡಿ, “ನಲವತ್ತೇಳಕ್ಕೇ ಮೂಳೆ ಇಷ್ಟು ಸವೆದೈತೆ. ಗರ್ಭಕೋಶದ ಜತೆ ಅಂಡಾಶಯನೂ ತೆಗೆದವ್ರೆ, ಅದಕ್ಕೆ. ಮಾತ್ರೆ ಬರೀತೀನಿ. ಅದರ ಜತೆಗೆ ಭಾರ ಎತ್ತಬೇಕು” ಎಂದರು.

“ಎತ್ತಬಾರ್ದು ಅಲ್ವಾ ಮೇಡಂ?”

“ಎತ್ತಬೇಕು ಕಣಮ್ಮ. ಕಲಿಸೋರ ಹತ್ರ ಕಲ್ತು, ನಿಧಾನಕ್ಕೆ ಏರಿಸ್ತಾ ಏರಿಸ್ತಾ, ಭಾರದ್ದೇ ಎತ್ತಬೇಕು.”

“ನಂಗೆ ಆಪರೇಷನ್ ಆಗೈತೆ.”

“ಆಗಿ ಹನ್ನೆರಡು ವರ್ಷ ಆಯ್ತಲ್ಲ, ಗಾಯ ಎಂದೋ ಮಾಗೈತೆ. ಅಷ್ಟು ಚಿಕ್ಕ ವಯಸ್ಸಿಗೆ ಯಾಕೆ ತೆಗೆಸಿದ್ರಿ?”

“ಬಿಟ್ರೆ ಕ್ಯಾನ್ಸರ್ ಆಗ್ತೈತೆ ಅಂದ್ರು.”

ಡಾಕ್ಟರಮ್ಮನ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಮಾತ್ರೆ ಬರೆದುಕೊಟ್ಟರು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಗಂಡ ಮಹಾಂತೇಶ, ಡಾಕ್ಟರುಗಳು ಕಾಲಕ್ಕೊಂದು ಹೇಳುತ್ತಾರೆ ಎಂದು ನಕ್ಕ. ಎಲ್ಲದಕ್ಕೂ ಒಂದು ಮಾತು ಸೇರಿಸುವ ದೊಡ್ಡಕ್ಕ ಮಾತ್ರ ಹಿತ್ತಲಿಗೆ ಎದ್ದುಹೋದಳು. ಸಿಟ್ಟು ಬಂತೇನೋ ಎಂದುಕೊಂಡಳು ಕಮಲಾಕ್ಷಮ್ಮ. ಎತ್ತಿದರೆ ಹೊಟ್ಟೆ ಜಾರುತ್ತದೆ, ಎತ್ತದಿದ್ದರೆ ಮೂಳೆ ಮುರಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಎರಡು ತಿಂಗಳು ಯೋಚಿಸಿದಳು, ಏನನ್ನೂ ತೀರ್ಮಾನಿಸಲಿಲ್ಲ.

ಅಷ್ಟರಲ್ಲಿ ಮೂಳೆ ಮುರಿಯಿತು. ಆದರೆ ಅದು ಅತ್ತೆಯದು. ದಸರಾ ಮುಗಿದ ವಾರ ಬಚ್ಚಲಿನಲ್ಲಿ ಜಾರಿ ಬಿದ್ದಳು ದೊಡ್ಡಕ್ಕ. ಸೊಂಟಕ್ಕೆ ಆಪರೇಷನ್ ಆಯಿತು, ಜೀವ ಉಳಿಯಿತು, ಕಾಲಿನ ಬಲ ಉಳಿಯಲಿಲ್ಲ. ಮಾತ್ರೆಯ ಪ್ರಮಾಣಕ್ಕೆ ತೂಕ ಬೇಕು ಎಂದರು ಆಸ್ಪತ್ರೆಯವರು. ಮಹಾಂತೇಶನದು ಶೇಂಗಾ ವ್ಯಾಪಾರ. ಅಂಗಡಿಯ ತೂಕದ ಯಂತ್ರವನ್ನೇ ಪಡಸಾಲೆಗೆ ತರಿಸಿ ಅವ್ವನನ್ನು ಕುರ್ಚಿ ಸಮೇತ ಕೂರಿಸಿದ. ಐವತ್ನಾಲ್ಕು ತೋರಿಸಿತು. ಕುರ್ಚಿಯ ಐದು ಕಳೆದು ನಲವತ್ತೊಂಬತ್ತು ಎಂದು ಬರೆದುಕೊಂಡ. ಗೋಣಿಚೀಲದ ತೂಕ ಕಳೆಯದೆ ಆ ಮನೆಯಲ್ಲಿ ಯಾರೂ ಯಾವುದನ್ನೂ ತೂಗಿದವರಲ್ಲ.

ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ದಿನಕ್ಕೆ ಆರೇಳು ಸಲ ಎತ್ತುವವರು ಬೇಕಿತ್ತು. ಗೊತ್ತುಮಾಡಿದ್ದ ಹೆಂಗಸು ಒಂದೇ ತಿಂಗಳಿಗೆ ಬಿಟ್ಟುಹೋದಳು. ಮಹಾಂತೇಶ ಎತ್ತಬಲ್ಲ. ಆದರೆ ಅವನು ಹಗಲೆಲ್ಲ ಅಂಗಡಿಯಲ್ಲಿ. ಇದ್ದರೂ ದೊಡ್ಡಕ್ಕ ಒಪ್ಪುವವಳಲ್ಲ. “ಹೆತ್ತ ಮಗನ ಕೈಲಿ ಬಚ್ಚಲಿಗೆ ಎತ್ತಿಸ್ಕಳ್ಳಾ ಗತಿ ಬಂತಾ ನಂಗೆ” ಎಂದವಳು, ಹಗಲು ನೀರು ಕುಡಿಯುವುದನ್ನೇ ನಿಲ್ಲಿಸಿದಳು. ಬೆಳಿಗ್ಗೆ ಒಂದು ಲೋಟ, ಸಂಜೆ ಪಕ್ಕದ ಮನೆಯವರು ಬಂದು ಕೈಜೋಡಿಸುವ ಹೊತ್ತಿಗೆ ಒಂದು ಲೋಟ. ನಡುವೆ ತುಟಿ ಒಣಗಿ ಬಿರಿಯುತ್ತಿದ್ದರೂ ಬೇಡ ಎನ್ನುತ್ತಿದ್ದಳು. ಹನ್ನೆರಡು ವರ್ಷ ತನಗಾಗಿ ನೀರು ಹೊತ್ತವಳು ಎದುರಿಗೇ ಒಣಗುತ್ತಿರುವುದನ್ನು ನೋಡಿ ಕಮಲಾಕ್ಷಮ್ಮನಿಗೆ ತನ್ನ ಕೈಗಳ ಮೇಲೇ ಹೇಸಿಗೆಯಾಯಿತು.

ಮೊಳಕಾಲ್ಮೂರಿನಿಂದ ನಾದಿನಿ ಮಂಗಳಗೌರಿ ಫೋನ್ ಮಾಡಿದಳು. ಅವರದು ರೇಷ್ಮೆ ಸೀರೆ ವ್ಯಾಪಾರ, ದೊಡ್ಡ ಮನೆ. “ಅತ್ತಿಗೆ, ನಿಂಗೆ ಎತ್ತಕ್ಕಾಗಲ್ಲ, ಅದು ನಿನ್ನ ತಪ್ಪಲ್ಲ. ನಮ್ಮನೇಲಿ ಕೆಲಸದೋರು ಇಬ್ರು ಅವ್ರೆ. ಶಿವರಾತ್ರಿ ಆದ ಭಾನುವಾರ ಕಾರು ತರ್ತೀನಿ, ಅವ್ವ ನಮ್ಮಲ್ಲೇ ಇರ್ಲಿ.” ಒಂದು ಕೊಂಕು ಮಾತಿಲ್ಲ. ಅದೇ ಹೆಚ್ಚು ನೋಯಿಸಿತು. ದೊಡ್ಡಕ್ಕ ಗೋಡೆಯ ಕಡೆ ತಿರುಗಿ ಒಂದೇ ಮಾತು ಅಂದಳು: “ಕೊನಿಗೆ ಮಗಳ ಮನೇಲಿ ಕಣ್ಮುಚ್ಚಂಗಾಯ್ತು.” ಅವಳ ಕಾಲದವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಮಾರನೆಯ ದಿನವೇ ಕಮಲಾಕ್ಷಮ್ಮ ಮೂಳೆ ಡಾಕ್ಟರಮ್ಮನ ಚೀಟಿ ಹಿಡಿದು ಪಾವಗಡ ರಸ್ತೆಯ ಜಿಮ್ಮಿನ ಮೆಟ್ಟಿಲು ಹತ್ತಿದಳು. ಶಿವರಾತ್ರಿಗೆ ಮೂರೂವರೆ ತಿಂಗಳಿತ್ತು. ನಲವತ್ತೊಂಬತ್ತು ಕೆಜಿ ಎತ್ತುವುದನ್ನು ಕಲಿಯಬೇಕು, ಅಷ್ಟೇ.

ಬೆಳಿಗ್ಗೆ ಹತ್ತರಿಂದ ಹನ್ನೊಂದು ಹೆಂಗಸರ ಹೊತ್ತು. ಕಲಿಸುವವಳು ಸ್ವಪ್ನ, ಇಪ್ಪತ್ತಾರರ ಹುಡುಗಿ, ಕೊಂಡ್ಲಹಳ್ಳಿ ಕಡೆಯ ಕುರಿ ಸಾಕುವವರ ಮಗಳು. ಕಾಲೇಜಿನಲ್ಲಿ ಭಾರ ಎತ್ತುವ ಸ್ಪರ್ಧೆ ಗೆದ್ದವಳು. ಕಮಲಾಕ್ಷಮ್ಮ ಗೋಡೆ ತುಂಬ ಕನ್ನಡಿಯಿದ್ದ ಆ ಕೋಣೆಯಲ್ಲಿ ತನ್ನನ್ನೇ ನಾಲ್ಕು ಕಡೆ ಕಂಡು ಗಾಬರಿಯಾಗಿ ನಿಂತಿದ್ದರೆ, ಸ್ವಪ್ನ ಅವಳ ಕೈಗೆ ಒಂದು ಬರೀ ಕೋಲು ಕೊಟ್ಟಳು.

“ಇದಾ? ಇಂಥದ್ದು ಮನೇಲಿ ದಿನಾ ಹಿಡಿದು ಕಸ ಗುಡಿಸ್ತೀನಿ.”

“ಮೊದ್ಲು ಬಗ್ಗಾದು ಕಲೀರಿ ಆಂಟಿ. ಬೆನ್ನು ಬಗ್ಗಿಸ್ಬಾರ್ದು, ಕುಂಡಿ ಹಿಂದಕ್ಕೆ ಹೋಗ್ಬೇಕು.”

ಬೆನ್ನು ಬಗ್ಗಿಸಿಯೇ ಇಡೀ ಜನ್ಮ ಕಳೆದವಳಿಗೆ ಇದು ಅರ್ಥವಾಗಲಿಲ್ಲ. ಉಸಿರು ಒಳಗೆ ಹಿಡಿ ಎನ್ನುತ್ತಾಳೆ, ಮರುಗಳಿಗೆಗೆ ಬಿಡು ಎನ್ನುತ್ತಾಳೆ. ಹೊಟ್ಟೆ ಗಟ್ಟಿ ಮಾಡು ಎನ್ನುತ್ತಾಳೆ, ಹೊಟ್ಟೆಯನ್ನೇ ಹನ್ನೆರಡು ವರ್ಷ ಹೂವಿನಂತೆ ಕಾಪಾಡಿಕೊಂಡು ಬಂದಾಗಿದೆ. ಸುಸ್ತಾದರೆ ಒಳ್ಳೆಯದು ಎನ್ನುತ್ತಾಳೆ, ಎತ್ತಿ ಎತ್ತಿ ಅಲ್ಲೇ ಇಳಿಸು ಎನ್ನುತ್ತಾಳೆ. ಎಲ್ಲಿಗೂ ಒಯ್ಯದ ಭಾರವನ್ನು ಎತ್ತುವುದೇಕೆ? ಎರಡನೆಯ ವಾರ ಸೀರೆ ಬಿಟ್ಟು ಚೂಡಿದಾರಕ್ಕೆ ಬಂದಳು, ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಳು. ಕಬ್ಬಿಣದ ಕಂಬಿಯನ್ನು ಮೊದಲ ಸಲ ನೆಲದಿಂದ ಎಬ್ಬಿಸಿದ ದಿನ ರಾತ್ರಿಯೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನೋ ಜಾರುತ್ತದೆ ಎಂದು ಕಾದಳು. ಏನೂ ಜಾರಲಿಲ್ಲ. ಸಂತೋಷಪಡಬೇಕೋ, ಹನ್ನೆರಡು ವರ್ಷ ಸುಮ್ಮನೆ ಹೆದರಿದ್ದಕ್ಕೆ ಅಳಬೇಕೋ ತಿಳಿಯಲಿಲ್ಲ.

ಎಣಿಸುವುದನ್ನು ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ಎನ್ನದೆ “ಲಾಭ, ಎರಡು, ಮೂರು...” ಎಂದು ಅಂಗಡಿಯಲ್ಲಿ ಸೇರು ಅಳೆಯುವಂತೆಯೇ ಎಣಿಸುತ್ತಿದ್ದಳು. ಉಳಿದ ಹೆಂಗಸರೂ ಅದನ್ನೇ ಹಿಡಿದುಕೊಂಡರು.

ಎಡವಟ್ಟಾದದ್ದು ತೂಕದ ಲೆಕ್ಕದಲ್ಲಿ. ಕಂಬಿ ಇಪ್ಪತ್ತು ಕೆಜಿ. ಎರಡೂ ತುದಿಗೆ ಬಿಲ್ಲೆ ಸೇರಿಸುತ್ತ ಹೋಗುವುದು. ಎಲ್ಲ ಸೇರಿಸಿ ಸ್ವಪ್ನ ಪುಸ್ತಕದಲ್ಲಿ ಬರೆಯುತ್ತಿದ್ದಳು: ಮೂವತ್ತು, ನಲವತ್ತು. ಕಮಲಾಕ್ಷಮ್ಮ ಮನೆಗೆ ಬಂದು ಗಂಡನಿಗೆ ವರದಿ ಒಪ್ಪಿಸಿದಾಗ ಅವನು ಕೇಳಿದ ಮೊದಲ ಪ್ರಶ್ನೆ, “ಕಂಬಿ ಸೇರಿಸಾ, ಬಿಟ್ಟಾ?”

“ಸೇರಿಸಿ.”

“ಮತ್ತೆ ಕಳಿ. ಕಂಬಿ ಅಂದ್ರೆ ಗೋಣಿಚೀಲ ಇದ್ದಂಗೆ. ಸರಕು ಎಷ್ಟೋ ಅಷ್ಟೇ ಲೆಕ್ಕ.”

ಅವಳಿಗೂ ಅದು ನ್ಯಾಯವೇ ಅನಿಸಿತು. ಇಪ್ಪತ್ತೆಂಟು ವರ್ಷ ವ್ಯಾಪಾರಸ್ಥರ ಮನೆಯಲ್ಲಿ ಬಾಳಿದವಳು. ಸ್ವಪ್ನ ನಲವತ್ತು ಎಂದರೆ ಇವಳು ಇಪ್ಪತ್ತು ಎಂದುಕೊಂಡಳು. ಸಂಕ್ರಾಂತಿ ಕಳೆದು ಐವತ್ತು ಎಂದಾಗ ಮೂವತ್ತು ಎಂದುಕೊಂಡು ನಿಟ್ಟುಸಿರುಬಿಟ್ಟಳು. ಅತ್ತೆ ನಲವತ್ತೊಂಬತ್ತು. ಇನ್ನೂ ಹತ್ತೊಂಬತ್ತು ಬಾಕಿ. ಮೂವತ್ತು ಎತ್ತುವವಳು ನಲವತ್ತೊಂಬತ್ತಕ್ಕೆ ಕೈ ಹಾಕಿ ಮುದುಕಿಯನ್ನು ಕೆಡವಿದರೆ? ಮಂಚದ ಹತ್ತಿರ ಹೋಗುವುದು, ಬಗ್ಗುವುದು, ಹೆದರಿ ದಿಂಬು ಸರಿಮಾಡಿ ಬರುವುದು, ಹೀಗೆ ಮೂರು ವಾರ ಕಳೆಯಿತು.

ಶಿವರಾತ್ರಿ ಬಂತು, ಹೋಯಿತು. ಶನಿವಾರ ಜಿಮ್ಮಿಗೆ ಹೋದವಳು, “ನಾಳೆ ನಮ್ಮತ್ತೇನ ಕರ್ಕಂಡು ಹೋಗ್ತಾರೆ. ಹತ್ತೊಂಬತ್ತು ಕೆಜಿ ಕಮ್ಮಿ ಬಿತ್ತು ಕಣವ್ವ. ಇನ್ನು ನಾನು ಬರಲ್ಲ” ಎಂದಳು.

ಸ್ವಪ್ನ ಪುಸ್ತಕ ತಿರುವಿ ನೋಡಿದಳು. “ಏನು ಕಮ್ಮಿ? ಐವತ್ತು ಎತ್ತಿ ಮೂರು ವಾರ ಆಯ್ತಲ್ಲ.”

ಕಮಲಾಕ್ಷಮ್ಮ ಲೆಕ್ಕ ಬಿಡಿಸಿ ಹೇಳಿದಳು. ಕಂಬಿ ಕಳೆದು. ಸ್ವಪ್ನ ಬೆಂಚಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಹಮಾಲಿ ಚೀಲ ಹೊತ್ತಾಗ ಗೋಣಿ ತೂಕ ಬಿಟ್ಟು ಹೊರ್ತಾನಾ ಆಂಟಿ? ಬೆನ್ನಿಗೆ ಎಲ್ಲಾ ಒಂದೇ. ಐವತ್ತು ಅಂದ್ರೆ ಐವತ್ತೇ.” ಎದುರಿಗಿದ್ದವಳ ಮುಖ ನೋಡಿ ನಗು ನಿಲ್ಲಿಸಿದಳು.

ಮೂರು ವಾರ. ಅಷ್ಟು ದಿನ ಅತ್ತೆ ತುಟಿ ಒಣಗಿಸಿಕೊಂಡು ಮಲಗಿದ್ದು ಈ ಬುದ್ಧಿವಂತಿಕೆಗೆ. ಕಮಲಾಕ್ಷಮ್ಮನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಒಂದು ಹುಚ್ಚು ಸಂತೋಷವೂ ನುಗ್ಗಿತು. ಸ್ವಪ್ನ, “ಮನುಷ್ಯರು ಕಂಬಿ ಅಲ್ಲ, ಜೋಲ್ತಾರೆ. ನನ್ನನ್ನ ಎತ್ರಿ ನೋಡಾನ” ಎಂದು ಬೆಂಚಿನ ಮೇಲೆ ಮೈ ಸಡಿಲಬಿಟ್ಟು ಕೂತಳು. ಎದೆಗೆ ಎದೆ ಒತ್ತಿ, ಬೆನ್ನ ಹಿಂದೆ ಕೈ ಹೆಣೆದು, ತೊಡೆಯ ಬಲದಿಂದ ಏಳಬೇಕು. ಮೂರನೆಯ ಸಲಕ್ಕೆ ಸ್ವಪ್ನಳ ಕಾಲು ನೆಲ ಬಿಟ್ಟಿತು.

ಮನೆಗೆ ಓಡಿಬಂದು ಹೇಳಿದರೆ ದೊಡ್ಡಕ್ಕ ಎರಡೂ ಕೈ ಅಡ್ಡ ಹಿಡಿದಳು. “ಮುಟ್ಟಬ್ಯಾಡ. ನಿಂಗೇನಾದ್ರೂ ಆದ್ರೆ ಆ ಪಾಪನೂ ನನ್ನ ತಲೆಗೆ ಬರ್ತೈತೆ.” ಆ ಪಾಪನೂ ಎಂದದ್ದೇಕೆ ಎಂದು ಕಮಲಾಕ್ಷಮ್ಮನಿಗೆ ತಿಳಿಯಲಿಲ್ಲ. ಎಷ್ಟು ಬೇಡಿದರೂ ಮುದುಕಿ ಜಗ್ಗಲಿಲ್ಲ.

ಭಾನುವಾರ ಹತ್ತಕ್ಕೆ ಕಾರು ಬಂತು. ಮಂಗಳಗೌರಿ, ಅವಳ ಜೊತೆ ಡ್ರೈವರ್ ಓಬಯ್ಯ. ಬಟ್ಟೆಯ ಚೀಲ ಕಾರಿಗೆ ಹೋಯಿತು. ಓಬಯ್ಯ ಮಂಚದ ಹತ್ತಿರ ಬಂದಾಗ ದೊಡ್ಡಕ್ಕ ಪರಗಂಡಸಿನ ಮುಂದೆ ಸೆರಗು ಎಳೆದುಕೊಂಡು ಕಣ್ಣು ಮುಚ್ಚಿದಳು. ಅದನ್ನು ನೋಡಲಾಗಲಿಲ್ಲ ಕಮಲಾಕ್ಷಮ್ಮನಿಗೆ.

“ತಾಳಪ್ಪ. ನಾನು ಎತ್ತೀನಿ.”

“ಅತ್ತಿಗೆ, ತಲೆ ಕೆಟ್ಟೈತಾ?” ಎಂದಳು ಮಂಗಳಗೌರಿ.

“ಲೇ, ಕಂಬಿ ಕಳೆದ್ರೆ ನಿಂದು ಮೂವತ್ತೇ!” ಎಂದು ಮಹಾಂತೇಶ ಕೂಗಿದ.

“ಕಳೀಬಾರ್ದಂತೆ, ಸುಮ್ಕಿರ್ರಿ.”

ಅತ್ತೆಯನ್ನು ಮಂಚದ ಅಂಚಿಗೆ ಎಳೆದು ಕೂರಿಸಿದಳು. ಮುದುಕಿಯ ಕೈಗಳನ್ನು ತನ್ನ ಕೊರಳಿಗೆ ಹಾಕಿಕೊಂಡಳು, ಬೆನ್ನ ಹಿಂದೆ ಬೆರಳು ಹೆಣೆದಳು, ಉಸಿರು ಹಿಡಿದಳು. ಎದ್ದಳು. ದೊಡ್ಡಕ್ಕನ ಪಾದಗಳು ನೆಲದಿಂದ ಗೇಣು ಮೇಲಕ್ಕೆ ಬಂದವು. ಓಬಯ್ಯ ಶಿವಶಿವಾ ಎಂದ. ಮಂಗಳಗೌರಿ ಕಾರಿನ ಬಾಗಿಲು ತೆಗೆಯಲು ಹೊರಗೋಡಿದಳು.

ಮುದುಕಿ ಸೊಸೆಯ ಕೊರಳನ್ನು ಬಿಗಿಯಾಗಿ ಹಿಡಿದಳು. ಬಾಯಿ ಸೊಸೆಯ ಕಿವಿಯ ಹತ್ತಿರವೇ ಇತ್ತು. ಅವಳೊಬ್ಬಳಿಗೇ ಕೇಳುವಂತೆ ಅಂದಳು: “ಆಪರೇಷನ್ ಬೇಕಿರ್ಲಿಲ್ಲ ಕಣೆ ಕಮಲೂ. ಮೊದಲ್ನೇ ಡಾಕ್ಟ್ರು ಮಾತ್ರೇಲಿ ವಾಸಿ ಆಗ್ತೈತೆ ಅಂದಿದ್ರು. ವರ್ಷಗಟ್ಲೆ ನುಂಗ್ಬೇಕು ಅಂದ್ರು. ನೀನು ತಿಂಗ್ಳಿಗೆ ಹದಿನೈದು ದಿನ ಮಲಗಿದ್ರೆ ಮನೆ ಕೆಲ್ಸ ನಿಲ್ತೈತೆ ಅಂತ ನಾನೇ ಮುಚ್ಚಿಟ್ಟು, ಇನ್ನೊಂದು ಕಡೆ ಕರ್ಕಂಡೋಗಿ ಕೊಯ್ಸಿದೆ. ಕ್ಯಾನ್ಸರ್ ಮಾತು ನಂದು. ಇಳಿಸಿಬಿಡು. ಕಾರಿಗೆ ಹಾಕು.”

ಕಮಲಾಕ್ಷಮ್ಮ ನಿಂತಲ್ಲೇ ನಿಂತಳು. ನಲವತ್ತೊಂಬತ್ತು ಕೆಜಿ ಕೈಯಲ್ಲಿತ್ತು. ಸವೆದ ಮೂಳೆ, ಹೋದ ವರ್ಷಗಳು, ಯಾರು ಸಿಕ್ಕರೂ ಹೊಗಳಿ ಹೊಗಳಿ ಕಣ್ಣು ತುಂಬಿಸಿಕೊಂಡದ್ದು, ಎಲ್ಲ ಒಟ್ಟಿಗೆ ಮೈಮೇಲೆ ಬಂದವು. ಹನ್ನೆರಡು ವರ್ಷ ಅತ್ತೆ ನೀರು ಹೊತ್ತದ್ದು ಪ್ರೀತಿಯೇ ಆಗಿತ್ತೋ, ಪ್ರಾಯಶ್ಚಿತ್ತವೇ ಆಗಿತ್ತೋ? ಎರಡೂ ಇದ್ದರೆ ಯಾವುದು ಎಷ್ಟು? ಸಿಟ್ಟು ಬಂತು. ಜೀವಮಾನದಲ್ಲಿ ಬರದಷ್ಟು ಬಂತು. ಅಷ್ಟು ಸಿಟ್ಟಿನಲ್ಲೂ ಹೆಣೆದ ಬೆರಳುಗಳು ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿಯಾದವು. ಅದು ಏಕೆಂದು ಅವಳಿಗೇ ಗೊತ್ತಾಗಲಿಲ್ಲ.

“ಅತ್ತಿಗೆ, ಬಾಗ್ಲು ತೆಗ್ದೀನಿ, ಬಾ!” ಎಂದು ಹೊರಗಿನಿಂದ ಕೂಗು ಬಂತು.

ಕಮಲಾಕ್ಷಮ್ಮ ತಿರುಗಿ ಎರಡು ಹೆಜ್ಜೆ ಇಟ್ಟು, ಅತ್ತೆಯನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂರಿಸಿದಳು. ಏದುಸಿರು ಬಿಡುತ್ತಲೇ ಬಾಗಿಲ ಕಡೆ ಮುಖ ಮಾಡಿ ಹೇಳಿದಳು:

“ಬಟ್ಟೆ ಚೀಲ ಒಳಗೆ ತಗಂಬಾ ಮಂಗಳಾ. ಇವ್ರು ಎಲ್ಲೂ ಹೋಗಲ್ಲ. ನಂಗೂ ಇವ್ರಿಗೂ ಹನ್ನೆರಡು ವರ್ಷದ ಜಗಳ ಬಾಕಿ ಐತೆ.”